ಕುರ್ಚಿ ಮಾಡಿದವನ ಹೆಸರೇನು?

ಕುರ್ಚಿ ಅಂದ ತಕ್ಷಣ ನಮ್ಮ ನ್ಯೂಸ್ ರೂಮಿನಲ್ಲಿ ಎಲ್ಲರ ಕಿವಿ ನೆಟ್ಟಗಾಗುತ್ತೆ. ಯಾರ ಕುರ್ಚಿ ಅಲುಗಾಡ್ತಿದೆ, ಯಾರು ಕುರ್ಚಿಗೆ ಟವೆಲ್ ಹಾಕಿ ಕಾಯ್ತಿದ್ದಾರೆ, ಯಾರ ಕುರ್ಚಿಯ ಕಾಲನ್ನು ಯಾರು ಎಳೀತಿದ್ದಾರೆ, ಇದೇ ನಮಗೆ ದಿನದ ಊಟ. ಇವತ್ತು ಆ ಕುರ್ಚಿ ಬೇಡ. ನಿಜವಾದ ಕುರ್ಚಿ ಬಗ್ಗೆ ಮಾತಾಡೋಣ. ನಾಲ್ಕು ಕಾಲು, ಎರಡು ಕೈ, ಒಂದು ಬೆನ್ನು ಇರುವ ಮರದ ಕುರ್ಚಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೇ ಮನೆಗಳ ಪಡಸಾಲೆಯಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿರುವಂಥದ್ದು. ಅದರ ಬೆಲೆ ನಮಗೆ ಅರ್ಥ ಆಗಬೇಕಾದರೆ ಮೊದಲು ಡೆನ್ಮಾರ್ಕ್ ತನಕ ಹೋಗಿಬರಬೇಕು.

1960ರ ಸೆಪ್ಟೆಂಬರ್ 26. ಅಮೆರಿಕದ ಶಿಕಾಗೋ ನಗರದ ಒಂದು ಟಿವಿ ಸ್ಟುಡಿಯೋ. ಅಧ್ಯಕ್ಷ ಚುನಾವಣೆಯ ಇಬ್ಬರು ಅಭ್ಯರ್ಥಿಗಳು, ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್, ಕ್ಯಾಮೆರಾ ಮುಂದೆ ಮುಖಾಮುಖಿಯಾದರು. ಅಧ್ಯಕ್ಷೀಯ ಅಭ್ಯರ್ಥಿಗಳ ಅಂಥ ಟಿವಿ ಚರ್ಚೆ ಅದೇ ಮೊದಲು. 6 ಕೋಟಿಗೂ ಹೆಚ್ಚು ಜನ ನೋಡಿದರು. ಇವತ್ತು ನೀವು ರಾತ್ರಿ ಊಟದ ಹೊತ್ತಿಗೆ ನೋಡುವ ಡಿಬೇಟುಗಳಿಗೆಲ್ಲ ಮೂಲಪುರುಷ ಅದು. ನಿಕ್ಸನ್ ಬೆವರಿದ್ದು, ಕೆನಡಿ ಮಿಂಚಿದ್ದು ಇತಿಹಾಸದ ಪುಸ್ತಕ ಸೇರಿತು. ಅವರು ಕೂತಿದ್ದ ಕುರ್ಚಿಯನ್ನು ಗಮನಿಸಿದವರು ಕಡಿಮೆ. ಅದು ಬಂದದ್ದು ಡೆನ್ಮಾರ್ಕಿನಿಂದ. 1949ರಲ್ಲಿ ಅದರ ವಿನ್ಯಾಸ ಮಾಡಿದವರು ಹಾನ್ಸ್ ವೆಗ್ನರ್. ಮರ ಕೆತ್ತಿ, ಜೋಡಿಸಿ ತಯಾರಿಸಿದ್ದು ಯೋಹಾನಸ್ ಹಾನ್ಸೆನ್ ಎಂಬ ಬಡಗಿಯ ಕಾರ್ಖಾನೆ.

ನೋಡಿ, ಇಲ್ಲೇ ಒಂದು ವಿಶೇಷ ಇದೆ. 75 ವರ್ಷ ಹಿಂದಿನ ಒಂದು ಕುರ್ಚಿ. ಅದನ್ನು ಕಲ್ಪಿಸಿದವರ ಹೆಸರೂ ಗೊತ್ತು, ಮಾಡಿದವರ ಹೆಸರೂ ಗೊತ್ತು. ವೆಗ್ನರ್ ಯಾವುದೋ ರಾಜಮನೆತನದವರಲ್ಲ. ಬೂಟು ಹೊಲಿಯುವವನ ಮಗ. 14ನೇ ವಯಸ್ಸಿಗೇ ಊರಿನ ಬಡಗಿಯ ಹತ್ತಿರ ಕೆಲಸ ಕಲಿಯಲು ನಿಂತವರು. 2007ರಲ್ಲಿ ತೀರಿಕೊಳ್ಳುವ ಹೊತ್ತಿಗೆ 500ಕ್ಕೂ ಹೆಚ್ಚು ಕುರ್ಚಿಗಳ ವಿನ್ಯಾಸ ಮಾಡಿದ್ದರು.

ಇದು ಹೇಗೆ ಸಾಧ್ಯವಾಯ್ತು? ಕೋಪನ್‌ಹೇಗನ್ ನಗರದ ಬಡಗಿಗಳ ಸಂಘ 1927ರಿಂದ 1966ರವರೆಗೆ ಪ್ರತಿ ವರ್ಷ ಒಂದು ಪ್ರದರ್ಶನ ನಡೆಸುತ್ತಿತ್ತು. ಓದಿದ ವಿನ್ಯಾಸಕಾರ ಒಬ್ಬ, ಉಳಿ ಹಿಡಿದ ಬಡಗಿ ಒಬ್ಬ, ಇಬ್ಬರನ್ನೂ ಜೋಡಿ ಮಾಡೋದು. ಜನರ ಮುಂದೆ ಇಬ್ಬರ ಹೆಸರನ್ನೂ ಹಾಕೋದು. 1949ರ ಪ್ರದರ್ಶನದಲ್ಲಿ ಫಿನ್ ಯೂಲ್ ಎಂಬ ವಿನ್ಯಾಸಕಾರರ ದೊಡ್ಡ ಕೈಕುರ್ಚಿಯಲ್ಲಿ ಅಲ್ಲಿನ ರಾಜನೇ ಕೂತು ನೋಡಿದ. ಅದಕ್ಕೆ ‘ಚೀಫ್‌ಟನ್’ ಅಂತ ಹೆಸರಾಯ್ತು. ನಮ್ಮ ಸೀಮೆಯ ಮಾತಲ್ಲಿ ಹೇಳೋದಾದರೆ ‘ಪಾಳೇಗಾರನ ಕುರ್ಚಿ’. ರಾಜ ಕೂತದ್ದನ್ನು ಹೇಳುವ ಜನ ಇವತ್ತಿಗೂ ಅದೇ ಉಸಿರಲ್ಲಿ ಅದನ್ನು ಮಾಡಿದ ಬಡಗಿ ನೀಲ್ಸ್ ವೊಡರ್ ಹೆಸರನ್ನೂ ಹೇಳುತ್ತಾರೆ.

ಇದೆಲ್ಲ ಶ್ರೀಮಂತರ ಶೋಕಿ ಅಂದುಕೊಳ್ಳಬೇಡಿ. ನಮ್ಮಲ್ಲಿ ಹಾಲಿನ ಒಕ್ಕೂಟ ಇದೆಯಲ್ಲ, ಹಾಗೆ ಡೆನ್ಮಾರ್ಕಿನಲ್ಲಿ ಗ್ರಾಹಕರ ಸಹಕಾರ ಸಂಘಗಳ ಒಕ್ಕೂಟ ಇತ್ತು. 1942ರಲ್ಲಿ ಅದು ಬೋರ್ಗೆ ಮೋಗೆನ್ಸನ್ ಎಂಬ ಯುವಕನನ್ನು ಪೀಠೋಪಕರಣ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿತು. ಕೆಲಸ ಏನು? ಕೂಲಿ ಮಾಡುವವನ ಮನೆಗೂ ಗಟ್ಟಿಯಾದ, ಚೆಂದದ ಕುರ್ಚಿ ಸಿಗಬೇಕು. 1947ರಲ್ಲಿ ಬಂದ ಅವರ ಸರಳ ಕುರ್ಚಿಯನ್ನು ಜನ ‘ಜನರ ಕುರ್ಚಿ’ ಅಂತಲೇ ಕರೆದರು. ಇವತ್ತು ಆ ಕಾಲದ ಡ್ಯಾನಿಶ್ ಕುರ್ಚಿಗಳಿಗೆ ಟೋಕಿಯೋದಿಂದ ನ್ಯೂಯಾರ್ಕ್‌ವರೆಗೆ ಸಂಗ್ರಾಹಕರಿದ್ದಾರೆ. ಹೆಸರಾಂತ ಕುರ್ಚಿಗಳು ಹರಾಜಿನಲ್ಲಿ ಲಕ್ಷಾಂತರ ರೂಪಾಯಿಗೆ ಹೋಗುತ್ತವೆ.

ಕೊಳ್ಳುವವರು ಮೊದಲು ಏನು ಮಾಡ್ತಾರೆ ಗೊತ್ತಾ? ಕೂರೋದಿಲ್ಲ. ಕುರ್ಚಿಯನ್ನು ತಲೆಕೆಳಗು ಮಾಡ್ತಾರೆ. ಅಡಿಯಲ್ಲಿ ಕಾರ್ಖಾನೆಯ ಸುಟ್ಟ ಮುದ್ರೆ ಇದೆಯಾ, ಬಡಗಿಯ ಹೆಸರಿದೆಯಾ ಅಂತ ಹುಡುಕ್ತಾರೆ. ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು ಬೆಲೆ.

ಇನ್ನೊಂದು ಮಾತು. ಈ ಡ್ಯಾನಿಶ್ ಕುರ್ಚಿಗಳಲ್ಲಿ ಬಹಳಷ್ಟು ತೇಗದವು. ಡೆನ್ಮಾರ್ಕಿನ ಚಳಿಯಲ್ಲಿ ತೇಗ ಬೆಳೆಯುತ್ತಾ? ಇಲ್ಲ. ಅದು ನಮ್ಮ ಏಷ್ಯಾದ ಕಾಡುಗಳ ಮರ. 1897ರಲ್ಲಿ ಶುರುವಾದ ಡ್ಯಾನಿಶ್ ಈಸ್ಟ್ ಏಷ್ಯಾಟಿಕ್ ಕಂಪನಿ ಸಯಾಮ್, ಅಂದರೆ ಇವತ್ತಿನ ಥಾಯ್ಲೆಂಡಿನಲ್ಲಿ, ತೇಗದ ವ್ಯಾಪಾರ ಮಾಡಿಯೇ ಬೆಳೆದದ್ದು. ಒಳ್ಳೇ ಮರ ನಮ್ಮ ಕಾಡಿನಲ್ಲೂ ಇತ್ತು, ಒಳ್ಳೇ ಕೈ ನಮ್ಮ ಆಚಾರಿಗಳಿಗೂ ಇತ್ತು. ಹಾಗಾದರೆ ನಮ್ಮಲ್ಲಿ ಏನು ಕಮ್ಮಿಯಾಗಿತ್ತು?

ಉತ್ತರ ಚಂಡೀಗಢದಲ್ಲಿದೆ. 1950ರ ದಶಕದಲ್ಲಿ ಪಂಜಾಬಿಗೆ ಹೊಸ ರಾಜಧಾನಿ ಕಟ್ಟುವಾಗ ಲ ಕಾರ್ಬೂಸಿಯೇ ನಗರದ ವಿನ್ಯಾಸ ಮಾಡಿದರು. ಕಚೇರಿಗಳ ಕುರ್ಚಿ ಮೇಜುಗಳ ಹೊಣೆ ಮುಖ್ಯವಾಗಿ ಅವರ ಸೋದರ ಸಂಬಂಧಿ ಪಿಯರ್ ಜನ್ನರೆ ಅವರದು. ತೇಗದ ಚೌಕಟ್ಟು, ಬೆತ್ತದ ಹೆಣಿಗೆ, ತಲೆಕೆಳಗಾದ ‘ವಿ’ ಆಕಾರದ ಕಾಲು. ಮಾಡಿದವರು ಅಲ್ಲಿಯ ಬಡಗಿಗಳು. ಬೆತ್ತ ಹರಿಯಿತು, ಕಾಲು ಅಲುಗಿತು, ಸರ್ಕಾರಿ ನೌಕರರು ಎತ್ತಿ ಟೆರೇಸಿಗೆ ಹಾಕಿದರು. ಆಮೇಲೆ ಗುಜರಿ ಲೆಕ್ಕದಲ್ಲಿ ಹರಾಜು. ವಿದೇಶಿ ವ್ಯಾಪಾರಿಗಳು ಬಂದು ರಾಶಿಗಟ್ಟಲೆ ಕೊಂಡೊಯ್ದರು, ರಿಪೇರಿ ಮಾಡಿಸಿದರು, ಯುರೋಪು ಅಮೆರಿಕದ ಹರಾಜಿನಲ್ಲಿ ಲಕ್ಷಗಳಿಗೆ ಮಾರಿದರು. ಕೇಂದ್ರ ಗೃಹ ಸಚಿವಾಲಯ ಎಚ್ಚೆತ್ತು ಮಾರಾಟಕ್ಕೆ ತಡೆ ಹಾಕಿದ್ದು 2011ರಲ್ಲಿ. ಕೋಟೆ ಲೂಟಿ ಆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ತಮಾಷೆ ಅಂದರೆ ಇದು. ಆ ಕುರ್ಚಿಗಳ ಹಿಂದೆ ಕಚೇರಿ ಗುಮಾಸ್ತರು ದಾಸ್ತಾನು ಲೆಕ್ಕಕ್ಕೆ ಅಂತ ಬಣ್ಣದಲ್ಲಿ ಇಲಾಖೆಯ ಹೆಸರು, ನಂಬರು ಬರೆದಿದ್ದರು. ವಿದೇಶದಲ್ಲಿ ಆ ಬಣ್ಣದ ಗೀಚೇ ಅಸಲಿ ಅನ್ನೋದಕ್ಕೆ ಸಾಕ್ಷಿಯಾಯ್ತು. ಗುಮಾಸ್ತನ ಬರಹಕ್ಕೆ ಬೆಲೆ ಬಂತು. ಜನ್ನರೆ ಹೆಸರಿಗೆ ಬೆಲೆ ಬಂತು. ಆದರೆ ಉಳಿ ಹಿಡಿದ ಬಡಗಿಯ ಹೆಸರು? ಅದು ಬಹುತೇಕ ಎಲ್ಲೂ ಇಲ್ಲ.

ಈಗ ನಮ್ಮ ತೆಂಗಿನ ಸೀಮೆಗೆ ಬನ್ನಿ.

ಈ ಮೂರು ತಾಲ್ಲೂಕಿನ ಹಳೇ ಮನೆ ಅಂದರೆ ಅಟ್ಟ ಇರಲೇಬೇಕು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಲೊಟಲೊಟ ಅಂದಾಗಲೇ ಉಂಡೆ ಕೊಬ್ಬರಿ ಸಿದ್ಧ. ಮೇಲೆ ಕಾಯಿ, ಕೆಳಗೆ ಪಡಸಾಲೆ, ಪಡಸಾಲೆಯಲ್ಲಿ ಯಜಮಾನರ ಕುರ್ಚಿ. ಕೊಬ್ಬರಿ ಮಂಡಿಯಲ್ಲಿ ಸಾಹುಕಾರರು ಕೂರುತ್ತಿದ್ದದ್ದು ಗಾದಿ ಮೇಲೆ, ದಿಂಬಿಗೆ ಒರಗಿಕೊಂಡು. ಕುರ್ಚಿ ನಮ್ಮ ಹಳ್ಳಿಗಳಿಗೆ ಬಂದದ್ದು ಅಧಿಕಾರಿಗಳ ಜೊತೆ. ಬ್ರಿಟಿಷರ ಬಂಗಲೆಯಲ್ಲಿ ಉದ್ದ ಕೈಯ, ಬೆತ್ತ ಹೆಣೆದ ಆರಾಮ ಕುರ್ಚಿ ಇತ್ತು. ಅದನ್ನು ನೋಡಿ ಅಮಲ್ದಾರರು, ಅವರನ್ನು ನೋಡಿ ಪಟೇಲರು, ಶಾನುಭೋಗರು ಮಾಡಿಸಿಕೊಂಡರು. 1880ರ ದಶಕದಲ್ಲಿ ಬೆಂಗಳೂರು ಕಡೆಯಿಂದ ತಿಪಟೂರು, ಅರಸೀಕೆರೆ ಹಾದು ಹರಿಹರದ ಕಡೆಗೆ ರೈಲು ಹಾಕಿದ ಮೇಲೆ ಮಲೆನಾಡಿನ ಮರವೂ ಹತ್ತಿರವಾಯ್ತು, ಪಟ್ಟಣದ ಶೋಕಿಯೂ ಹತ್ತಿರವಾಯ್ತು. ತೇಗ, ಬೀಟೆ ಸಿಕ್ಕವರಿಗೆ ಅದು. ಸಿಗದವರಿಗೆ ತೋಟದ ಹಲಸು.

ಕುರ್ಚಿ ಬಂತು ಸರಿ. ಕೂತವರು ಯಾರು? ಇದನ್ನು ಮುಚ್ಚಿಡಬಾರದು. ಪಟೇಲರು ಕುರ್ಚಿಯಲ್ಲಿ, ನೆಂಟರು ಜಗಲಿಯಲ್ಲಿ, ಒಕ್ಕಲಿನವರು ಅಂಗಳದಲ್ಲಿ. ಆಳುಗಳು, ದಲಿತರು ಅಂಗಳದ ಆಚೆ, ನಿಂತೇ. ಆ ಕುರ್ಚಿ ಮಾಡಿದ ಆಚಾರಿಗೂ ಕೆಲಸ ಮುಗಿದ ಮೇಲೆ ನೆಲವೇ ಗತಿ. ಕುರ್ಚಿ ಮರದ ಸಾಮಾನಷ್ಟೇ ಆಗಿರಲಿಲ್ಲ, ಯಾರು ಎಲ್ಲಿರಬೇಕು ಅಂತ ತೋರಿಸುವ ಗೆರೆಯೂ ಆಗಿತ್ತು. ಕೆನಡಿ, ನಿಕ್ಸನ್ ಚರ್ಚೆ ಆದ ಮರುವರ್ಷ, 1961ರಲ್ಲಿ, ಮೈಸೂರು ರಾಜ್ಯ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಮಾಡುವ ಕಾಯ್ದೆ ತಂತು. ಪಟೇಲಿಕೆ ಹೋಯ್ತು, ಶಾನುಭೋಗಿಕೆ ಹೋಯ್ತು. ಕುರ್ಚಿ ಮನೆಯಲ್ಲೇ ಉಳಿಯಿತು. ಆಮೇಲೆ ಮಡಚುವ ಕಬ್ಬಿಣದ ಕುರ್ಚಿ ಬಂತು, ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿ ಬಂತು. ಒಂದು ಒಳ್ಳೇದಾಯ್ತು, ಎಲ್ಲರೂ ಕೂತರು. ಹಳೇ ಕುರ್ಚಿ ಮಾತ್ರ ಬೆತ್ತ ಹರಿದು, ಕಾಯಿಯ ಜೊತೆ ಅಟ್ಟ ಸೇರಿತು.

ಈಗ ಅದನ್ನು ಹುಡುಕಿಕೊಂಡು ಜನ ಬರ್ತಿದ್ದಾರೆ. ಹಳೇ ಬಾಗಿಲು, ಕಂಬ, ತೊಟ್ಟಿಲು, ಕುರ್ಚಿ ಕೊಳ್ಳುವವರು ಹಳ್ಳಿಗಳಿಗೂ ಕಾಲಿಟ್ಟಿದ್ದಾರೆ. ಅಟ್ಟ ಖಾಲಿ ಆಗುತ್ತಲ್ಲ ಅಂತ ನಾವು ಕೊಟ್ಟು ಕಳಿಸ್ತೀವಿ. ಮಾರಬೇಡಿ ಅಂತ ನಾನು ಹೇಳೋದಿಲ್ಲ. ಕೊಬ್ಬರಿ ಬೆಲೆ ಬಿದ್ದ ವರ್ಷ ಮನೆಯಲ್ಲಿ ಏನಿದೆ ಅಂತ ನೋಡಬೇಕಾದ ಕಷ್ಟ ರೈತನಿಗೇ ಗೊತ್ತು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಕೊಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ದುಡ್ಡಿಗಾಗಿ ವರ್ಷಗಟ್ಟಲೆ ಕಾಯುವ ರೈತ, ಅಜ್ಜನ ಕುರ್ಚಿಯನ್ನು ಐದು ನಿಮಿಷದಲ್ಲಿ ಬಂದವರು ಹೇಳಿದ ಬೆಲೆಗೆ ಕೊಟ್ಟುಬಿಡ್ತಾನೆ. ಯಾಕೆ? ಕೊಬ್ಬರಿಗೆ ‘ತಿಪಟೂರು’ ಅನ್ನೋ ಹೆಸರಿದೆ. ಉತ್ತರ ಭಾರತದ ಮಾರುಕಟ್ಟೆಯಲ್ಲೂ ಆ ಹೆಸರು ಗೊತ್ತು. ಕುರ್ಚಿಗೆ ಹೆಸರಿಲ್ಲ.

ಯಾಕಿಲ್ಲ ಅಂದರೆ ಆಚಾರಿಯ ಕೆಲಸಕ್ಕೆ ರಸೀದಿ ಇರಲಿಲ್ಲ. ನೇಗಿಲು, ಗಾಡಿ ಕೆಲಸಕ್ಕೆ ಸುಗ್ಗಿಯಲ್ಲಿ ಆಯ ಅಂತ ಕಾಳು ಕೊಡುತ್ತಿದ್ದರು. ಕುರ್ಚಿ, ಬಾಗಿಲು ಅಂದರೆ ಮನೆಗೇ ಕರೆಸಿ, ಕೂಲಿ ಕೊಟ್ಟು ಊಟ ಹಾಕಿ ಮಾಡಿಸುತ್ತಿದ್ದರು. ಬಿಲ್ ಇಲ್ಲ, ಮುದ್ರೆ ಇಲ್ಲ, ಪ್ರದರ್ಶನ ಮೊದಲೇ ಇಲ್ಲ. ದಾಖಲೆ ಎಲ್ಲಿಂದ ಬರಬೇಕು?

ಹಾಗಂತ ಹೆಸರು ಬರೆಯೋದು ನಮ್ಮ ಸಂಪ್ರದಾಯವೇ ಅಲ್ಲ ಅಂತ ಯಾರಾದರೂ ಅಂದರೆ ಅವರನ್ನು ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಕರೆದುಕೊಂಡು ಹೋಗಿ. ಅಲ್ಲಿ ಹೊಯ್ಸಳರ ಕಾಲದ, 13ನೇ ಶತಮಾನದ ಚೆನ್ನಕೇಶವ ದೇವಾಲಯ ಇದೆ. ಅಲ್ಲಿನ ಶಿಲ್ಪದ ಕೆಳಗೆ ಹೊನ್ನೋಜ ಅನ್ನುವ ಶಿಲ್ಪಿಯ ಹೆಸರಿದೆ. ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದರೆ 1246ರ ಲಕ್ಷ್ಮೀನರಸಿಂಹ ದೇವಾಲಯ. ಬೈಚೋಜ, ಮಲ್ಲಿತಮ್ಮ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೊರೆದಿದ್ದಾರೆ. ತುಮಕೂರಿನ ಹತ್ತಿರ ಕೈದಾಳದ ಜಕಣಾಚಾರಿಯದು ಐತಿಹ್ಯ ಅನ್ನಿ, ಇವರದು ಕಣ್ಣಿಗೆ ಕಾಣುವ ಶಾಸನ. ಏಳೂವರೆ ಶತಮಾನದ ಹಿಂದೆ ಕಲ್ಲಿನ ಕೆಲಸದವರು ರಾಜರ ಕಾಲದಲ್ಲೇ ಎದೆಯುಬ್ಬಿಸಿ ಹೆಸರು ಬರೆದ ನೆಲ ಇದು. ಅದೇ ನೆಲದಲ್ಲಿ ನಮ್ಮ ಮುತ್ತಜ್ಜನ ಕುರ್ಚಿ ಮಾಡಿದವರ ಹೆಸರು ನಮಗೆ ಗೊತ್ತಿಲ್ಲ.

ಇದಕ್ಕೆ ದೊಡ್ಡ ಊರೇ ಬೇಕು ಅಂತಿಲ್ಲ. ಜಪಾನಿನ ಹೊಕ್ಕೈಡೋ ದ್ವೀಪದಲ್ಲಿ ಹಿಗಾಶಿಕಾವಾ ಅಂತ ಭತ್ತ ಬೆಳೆಯುವ ಒಂದು ಸಣ್ಣ ಪಟ್ಟಣ ಇದೆ. ಜನಸಂಖ್ಯೆ 10,000 ಕೂಡ ಇಲ್ಲ. ನೊರಿತ್ಸುಗು ಓದಾ ಎಂಬ ಪ್ರಾಧ್ಯಾಪಕರು ಜೀವಮಾನವಿಡೀ ಸಂಗ್ರಹಿಸಿದ ಸಾವಿರಕ್ಕೂ ಹೆಚ್ಚು ಕುರ್ಚಿಗಳನ್ನು ಆ ಊರು ತನ್ನದಾಗಿಸಿಕೊಂಡಿದೆ. ವೆಗ್ನರ್, ಯೂಲ್ ಅವರ ಕುರ್ಚಿಗಳು ಅದರಲ್ಲಿವೆ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 2006ರಿಂದ ಆ ಊರಿನಲ್ಲಿ ಹುಟ್ಟುವ ಪ್ರತಿ ಮಗುವಿಗೂ ಒಂದು ಪುಟ್ಟ ಮರದ ಕುರ್ಚಿ ಉಡುಗೊರೆ. ಅದರ ಮೇಲೆ ಮಗುವಿನ ಹೆಸರು. ನೀನು ಈ ಊರಿನವನು, ನಿನಗೆ ಇಲ್ಲಿ ಕೂರಲು ಜಾಗ ಇದೆ ಅನ್ನೋದು ಅದರ ಅರ್ಥ. ಅಂಗಳದ ಆಚೆ ಜನರನ್ನು ನಿಲ್ಲಿಸಿದ ಇತಿಹಾಸ ಇರುವ ನಮಗೆ ಆ ಪುಟ್ಟ ಕುರ್ಚಿಯ ಅರ್ಥ ಇನ್ನೂ ಚೆನ್ನಾಗಿ ಆಗಬೇಕು.

ತೆಂಗಿನ ಸೀಮೆಯ ವೀಕ್ಷಕರಲ್ಲಿ ನನ್ನದು ಒಂದೇ ವಿನಂತಿ. ಈ ಭಾನುವಾರ ಅಟ್ಟ ಹತ್ತಿ. ಹಳೇ ಕುರ್ಚಿ ಇದ್ದರೆ ಇಳಿಸಿ, ತಲೆಕೆಳಗು ಮಾಡಿ. ಮೊಳೆ ಹೊಡೆಯದೆ, ಒಂದು ಮರದಲ್ಲಿ ತೂತು ಕೊರೆದು ಇನ್ನೊಂದರ ನಾಲಿಗೆ ಕೂರಿಸಿ ಜೋಡಿಸಿದ್ದರೆ ಅದು ಕೈ ಪಳಗಿದ ಆಚಾರಿಯ ಕೆಲಸ. ಬೆತ್ತ ಹರಿದಿದ್ದರೆ ಹೊಸದಾಗಿ ಹೆಣೆಸಬಹುದು, ಆ ಕೆಲಸ ಬಲ್ಲವರು ಇನ್ನೂ ಇದ್ದಾರೆ. ಮನೆಯಲ್ಲಿ 80 ದಾಟಿದ ಅಜ್ಜಿ ಇದ್ದರೆ ಕೇಳಿ: ಇದನ್ನು ಯಾರು ಮಾಡಿದರು, ಮರ ಎಲ್ಲಿಂದ ತಂದರು, ಯಾರ ಮದುವೆ ವರ್ಷ ಅದು? ಇದರಲ್ಲಿ ಯಾರು ಕೂರುತ್ತಿದ್ದರು, ಯಾರಿಗೆ ಕೂರಲು ಬಿಡುತ್ತಿರಲಿಲ್ಲ, ಅದನ್ನೂ ಕೇಳಿ. ಉತ್ತರವನ್ನು ಕುರ್ಚಿಯ ಅಡಿಯಲ್ಲೇ ಬರೆಯಿರಿ. ಆಚಾರಿಯ ಮೊಮ್ಮಕ್ಕಳು ಅದೇ ಊರಲ್ಲಿದ್ದರೆ ಕರೆಸಿ ತೋರಿಸಿ, ಆ ಕುರ್ಚಿಯಲ್ಲೇ ಕೂರಿಸಿ ಕಾಫಿ ಕೊಡಿ. ಮಾರೋದು, ಇಟ್ಟುಕೊಳ್ಳೋದು ಆಮೇಲಿನ ಮಾತು.

ಅಜ್ಜಿಗೆ ನೆನಪಿರುವಾಗಲೇ ಕೇಳಿ. ಅಷ್ಟೇ.