ತೆರಿಗೆ ಹೆಚ್ಚಳ ಆಧಾರಿತ ಹಣಕಾಸು

ಗೊತ್ತುಪಡಿಸಿದ ವಲಯವೊಂದರ ಅಭಿವೃದ್ಧಿ ವೆಚ್ಚವನ್ನು, ಅಲ್ಲಿ ಮುಂದೆ ಹೆಚ್ಚುವ ಆಸ್ತಿ ತೆರಿಗೆಯಿಂದಲೇ ಭರಿಸುವ ಸ್ಥಳೀಯ ಹಣಕಾಸು ವಿಧಾನ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1952ರಲ್ಲಿ ಆರಂಭವಾಯಿತು.

ವಲಯ ರಚನೆಯಾದಾಗಿನ ಆಸ್ತಿ ಮೌಲ್ಯವೇ ಮೂಲ ಮೌಲ್ಯ. ಅದರ ಮೇಲಿನ ತೆರಿಗೆ ಶಾಲೆ, ಕೌಂಟಿಗಳಿಗೆ ಎಂದಿನಂತೆ ಸಲ್ಲುತ್ತದೆ. ಹೆಚ್ಚಳದ ಪಾಲು ಮಾತ್ರ ಪ್ರತ್ಯೇಕ ನಿಧಿಗೆ ಸೇರಿ, ರಸ್ತೆ, ನೀರು, ಒಳಚರಂಡಿಗಾಗಿ ಎತ್ತಿದ ಸಾಲವನ್ನು ತೀರಿಸುತ್ತದೆ. ಇಲಿನಾಯ್ಸ್‌ನಲ್ಲಿ ವಲಯದ ಸಾಮಾನ್ಯ ಅವಧಿ 23 ವರ್ಷ. ಕೈಗಾರಿಕೆ ನಿರೀಕ್ಷೆಯಷ್ಟು ಬೆಳೆಯದಿದ್ದರೆ ಸಾಲ ತೀರುವುದು ಕಷ್ಟ. ಇದೇ ಮುಖ್ಯ ಅಪಾಯ.

ವಿಸ್ಕಾನ್ಸಿನ್‌ನ ಮೌಂಟ್ ಪ್ಲೆಸೆಂಟ್ ಇದಕ್ಕೆ ಎದ್ದುಕಾಣುವ ನಿದರ್ಶನ. ಫಾಕ್ಸ್‌ಕಾನ್ ಕಾರ್ಖಾನೆಗಾಗಿ 2017ರಲ್ಲಿ ವಲಯ ರಚಿಸಿ, ಜಮೀನು ಕೊಂಡು ಮೂಲಸೌಕರ್ಯ ಒದಗಿಸಲಾಯಿತು. ಕಂಪನಿ ಹೇಳಿದ್ದ 13,000 ಉದ್ಯೋಗಗಳು ರಾಜ್ಯದೊಂದಿಗಿನ 2021ರ ಪರಿಷ್ಕೃತ ಒಪ್ಪಂದದಲ್ಲಿ 1,454ಕ್ಕೆ ಇಳಿದವು. 2023ರಲ್ಲಿ ಅದೇ ವಲಯದ ಜಮೀನನ್ನು ಮೈಕ್ರೋಸಾಫ್ಟ್ ಡೇಟಾ ಸೆಂಟರ್‌ಗಾಗಿ ಖರೀದಿಸಿತು.