ಹಿತ್ತಿಲ ಷೆಡ್ಡಿಗೆ ಬಂದ ಲೇತ್

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರ ಮನೆಗಳಿಗೆ ಹೋದರೆ ಲೇತ್ ಎಂಬುದು ಕಾರ್ಖಾನೆಯ ವಸ್ತುವೆನಿಸುವುದಿಲ್ಲ, ಮನೆಯ ಸಾಮಾನಿನಲ್ಲಿ ಒಂದೆನಿಸುತ್ತದೆ. ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಕುಶಲಕರ್ಮಿ ಉಳಿಯನ್ನು ಕೈಯಲ್ಲೇ ಹಿಡಿದು ಕಣ್ಣಳತೆಯಲ್ಲೇ ಬುಗುರಿಯನ್ನೋ ಬೊಂಬೆಯನ್ನೋ ತೆಗೆಯುತ್ತಾನೆ. ಮರ ಉದಾರಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಯಾರಿಗೂ ತಿಳಿಯದು. ಕಬ್ಬಿಣಕ್ಕೆ ಈ ಔದಾರ್ಯವಿಲ್ಲ. ಉಗಿ ಎಂಜಿನ್ನಿನ ಪಿಸ್ಟನ್ ಆ ಒಂದು ಕೂದಲೆಳೆಯಷ್ಟು ಸಣ್ಣದಾದರೆ ಉಗಿ ಸೋರುತ್ತದೆ, ದಪ್ಪವಾದರೆ ಸಿಲಿಂಡರಿನೊಳಗೇ ಹೋಗುವುದಿಲ್ಲ. ಗಡಿಯಾರ ರಿಪೇರಿಯವರ ಪುಟ್ಟ ಲೇತ್ ಮತ್ತು ಯೂರೋಪಿನ ಕೆಲವು ಶ್ರೀಮಂತರ ಅಲಂಕಾರದ ಲೇತ್‌ಗಳನ್ನು ಬಿಟ್ಟರೆ, ಲೋಹ ಕಡೆಯುವ ಯಂತ್ರ ಸಾಮಾನ್ಯರ ಮನೆಗೆ ಬರಲು ಬಹಳ ಕಾಲ ಹಿಡಿಯಿತು. ಬಂದ ಕಥೆ ಮುಖ್ಯವಾಗಿ ಇಂಗ್ಲೆಂಡಿನದು.

ಲೋಹದ ಲೇತ್‌ನಲ್ಲಿ ಉಳಿಯನ್ನು ಕೈಗೆ ಒಪ್ಪಿಸುವಂತಿಲ್ಲ. ಅದನ್ನು ಹಿಡಿಯಲು ಹಳಿಯ ಮೇಲೆ ಜಾರುವ ಗಟ್ಟಿ ಪೀಠ ಬೇಕು, ಪೀಠವನ್ನು ಸರಿಸಲು ತಿರುಪು ಬೇಕು. ಈ ಏರ್ಪಾಡಿನ ಹಿಂದೆ ಹಲವರ ಬುದ್ಧಿ ಇದೆ. ಆದರೆ ಅದನ್ನು ಕಬ್ಬಿಣದಲ್ಲಿ ನೆಚ್ಚಿಕೆಯಾಗುವಂತೆ ಮಾಡಿ ತೋರಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಹೆನ್ರಿ ಮಾಡ್ಸ್‌ಲಿಯದು (1771–1831). ಆತ 1800ರ ಆಸುಪಾಸಿನಲ್ಲಿ ಕಟ್ಟಿದ ತಿರುಪು ಕತ್ತರಿಸುವ ಲೇತ್ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಸೋಜಿಗವೆಂದರೆ ಅದೇನೂ ದೈತ್ಯಾಕಾರದ್ದಲ್ಲ. ಮೇಜಿನ ಮೇಲೆ ಇಡಬಹುದಾದಷ್ಟೇ ಇದೆ. ಆತನ ಬಳಿ ಪಳಗಿದ ಜೋಸೆಫ್ ವಿಟ್ವರ್ತ್ 1841ರಲ್ಲಿ ತಿರುಪುಗಳಿಗೆ ಒಂದೇ ಅಳತೆಯನ್ನು ಸೂಚಿಸಿದ ಮೇಲೆ ಒಂದೂರಿನ ಬೋಲ್ಟಿಗೆ ಮತ್ತೊಂದೂರಿನ ನಟ್ಟು ಹೊಂದುವ ದಾರಿ ತೆರೆಯಿತು. ಅಷ್ಟರಲ್ಲಿ ಲೇತ್ ಬೆಳೆದು, ಉಗಿ ಎಂಜಿನ್ ಓಡಿಸುವ ಉದ್ದನೆಯ ಬೆಲ್ಟುಗಳಿಗೆ ಕಟ್ಟುಬಿದ್ದು, ಪೂರ್ತಿಯಾಗಿ ಕಾರ್ಖಾನೆಯ ಪಾಲಾಗಿತ್ತು.

ಅದನ್ನು ಮನೆಯ ಕಡೆಗೆ ತಿರುಗಿಸಿದ್ದು ಒಂದು ಪತ್ರಿಕೆ ಎಂದರೆ ಅತಿಶಯವಾಗದು. 1898ರ ಜನವರಿಯಲ್ಲಿ ಪರ್ಸಿವಲ್ ಮಾರ್ಷಲ್ ‘ಮಾಡೆಲ್ ಇಂಜಿನಿಯರ್’ ಪತ್ರಿಕೆಯನ್ನು ಆರಂಭಿಸಿದ. ಹಗಲಿಡೀ ಬೇರೇನೋ ಕೆಲಸ ಮಾಡಿ ಸಂಜೆ ಪುಟ್ಟ ಉಗಿ ಎಂಜಿನ್ ಕಟ್ಟುವ ಹವ್ಯಾಸಿಗಳು ಅದರ ಓದುಗರಾದರು. ಆಗ ಬಹುತೇಕ ಮನೆಗಳಲ್ಲಿ ವಿದ್ಯುತ್ತಿರಲಿಲ್ಲ. ಗಿಲ್ಡ್‌ಫರ್ಡಿನ ಡ್ರಮಂಡ್ ಸೋದರರಂಥ ತಯಾರಕರು ಹೊಲಿಗೆ ಯಂತ್ರದ ಹಾಗೆ ಕಾಲಿನಲ್ಲಿ ತುಳಿದು ಓಡಿಸುವ ಲೇತ್‌ಗಳನ್ನು ಮಾರಿದರು. ಒಂದು ಕಾಲಲ್ಲಿ ನಿಂತು, ಇನ್ನೊಂದರಲ್ಲಿ ತುಳಿಯುತ್ತಾ, ಎರಡು ಕೈಯಲ್ಲಿ ಹಿಡಿಕೆ ತಿರುಗಿಸುತ್ತಾ ಗಂಟೆಗಟ್ಟಲೆ ಉಕ್ಕು ಕಡೆಯುವುದು ಎಂಥ ವ್ಯಾಯಾಮವೆಂದು ಊಹಿಸಿಕೊಳ್ಳಬಹುದು! ‘ಎಲ್‌ಬಿಎಸ್‌ಸಿ’ ಎಂಬ ಅಂಕಿತದ ಲೇಖಕನೊಬ್ಬ 1920ರ ದಶಕದಲ್ಲಿ, ಎರಡೂವರೆ ಇಂಚಿನ ಹಳಿಯ ಮೇಲೆ ಓಡುವ ಕಲ್ಲಿದ್ದಲಿನ ಎಂಜಿನ್ ಆಳನ್ನೇ ಕೂರಿಸಿಕೊಂಡು ಎಳೆದೀತೆಂದು ವಾದಿಸಿ, ಕಟ್ಟಿ ತೋರಿಸಿದ. ಆಟಿಕೆಯೆಂದು ನಕ್ಕವರು ಸುಮ್ಮನಾದರು.

1934ರಲ್ಲಿ ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್ನಿನಲ್ಲಿ ಆರಂಭವಾದ ಮೈಫರ್ಡ್ ಕಂಪನಿ, ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ‘ಎಂಎಲ್7’ ಎಂಬ ಲೇತನ್ನು ಹೊರತಂದಿತು. ಏಳು ಇಂಚು ವ್ಯಾಸದ, ಸುಮಾರು 20 ಇಂಚು ಉದ್ದದ ಜಾಬನ್ನು ಹಿಡಿಯಬಲ್ಲ, ಸಣ್ಣ ವಿದ್ಯುತ್ ಮೋಟಾರಿನಿಂದ ಓಡುವ ಈ ಯಂತ್ರ ಇಂಗ್ಲೆಂಡಿನ ಎಷ್ಟೋ ಹಿತ್ತಿಲ ಷೆಡ್ಡು, ಗ್ಯಾರೇಜು, ನೆಲಮಾಳಿಗೆಗಳನ್ನು ಸೇರಿತು. ನೆವಿಲ್ ಶೂಟ್‌ನ ಕೊನೆಯ ಕಾದಂಬರಿ ‘ಟ್ರಸ್ಟೀ ಫ್ರಮ್ ದಿ ಟೂಲ್‌ರೂಮ್’ (1960) ಇಂಥದೇ ನೆಲಮಾಳಿಗೆಯಲ್ಲಿ ಪುಟ್ಟ ಎಂಜಿನ್ ಕಟ್ಟುವವನ ಕಥೆ.

ಕೊಂಡುಕೊಂಡರೆ ಆಯಿತೇ? ನಿಜವಾದ ಫಜೀತಿ ಲೇತ್ ಮನೆಗೆ ಬಂದ ಮೇಲೆ ಶುರುವಾಗುತ್ತಿತ್ತು. ಷೆಡ್ಡು ಎಂಟಡಿಗೆ ಆರಡಿ ಇದ್ದರೆ ಅದೇ ಭಾಗ್ಯ. ಗೋಡೆಗೆ ಒತ್ತಿ ಇಟ್ಟರೆ ಎಡಗಡೆಯ ಗೇರುಗಳ ಮುಚ್ಚಳ ತೆರೆಯಲು ಜಾಗವಿಲ್ಲ. ಚಕ್ಕಿನ ತೂತಿನೊಳಗಿಂದ ಹಾಯಿಸಿದ ಉದ್ದನೆಯ ಸರಳು ಹಿಂದಿನಿಂದ ಹೊರಬಂದು ಗೋಡೆಗೆ ತಾಕುತ್ತದೆ. ಮಹಡಿಯ ಹಲಗೆ ನೆಲದ ಮೇಲಿಟ್ಟರೆ ಅದುರು, ಕೆಳಮನೆಯವರ ಜಗಳ. ಚಪ್ಪಲಿಗೆ ಅಂಟಿಕೊಂಡ ಕಬ್ಬಿಣದ ಸುರುಳಿ ಚೂರುಗಳು ನಡುಮನೆಯ ಜಮಖಾನೆ ಸೇರಿದಾಗ ಏನಾಗುತ್ತಿತ್ತೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಇವೆಲ್ಲ ಹೊಂದಿಕೊಳ್ಳಬಹುದಾದ ಕಷ್ಟಗಳು. ಹೊಂದಿಕೊಳ್ಳಲಾಗದ್ದು ಒಂದಿದೆ. ಲೇತ್‌ನ ಬೆಡ್, ಅಂದರೆ ಪೀಠ ಜಾರುವ ಎರಕದ ಕಬ್ಬಿಣದ ಹಳಿಜೋಡಿ, ನೋಡಲು ಬಂಡೆಯಷ್ಟು ಗಟ್ಟಿ. ಆದರೆ ಸೊಟ್ಟ ಮೇಜಿನ ಮೇಲೆ ಇಟ್ಟು ಬೋಲ್ಟು ಬಿಗಿದರೆ, ಒದ್ದೆ ಬಟ್ಟೆ ಹಿಂಡಿದಂತೆ ಅದು ತಿರುಚಿಕೊಳ್ಳುತ್ತದೆ. ಬರಿಗಣ್ಣಿಗೆ ಕಾಣದಷ್ಟು, ಆದರೆ ಜಾಬು ಕೆಡುವಷ್ಟು. ಎಂಎಲ್7 ಗಾತ್ರದ ಯಂತ್ರದಲ್ಲಿ ಬಲತುದಿಯ ಮುಂದಿನ ಹಳಿ ಹಿಂದಿನದಕ್ಕಿಂತ ಮಿಲಿಮೀಟರಿನ ಹತ್ತನೇ ಒಂದು ಪಾಲು ತಗ್ಗಿದರೆ ಸಾಕು, ಟೂಲು ಹೆಚ್ಚುಕಡಿಮೆ ಅಷ್ಟೇ ಹೊರಕ್ಕೆ ವಾಲುತ್ತದೆ. ಸರಳಿನ ವ್ಯಾಸದಲ್ಲಿ ಆ ತಪ್ಪು ಇಮ್ಮಡಿಯಾಗಿ, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಕಾರ್ಖಾನೆಯಲ್ಲಾದರೆ ಆಳದ ಕಾಂಕ್ರೀಟ್ ಅಡಿಪಾಯವಿರುತ್ತದೆ. ಷೆಡ್ಡಿನಲ್ಲಿರುವುದು ಮರದ ಮೇಜು; ಮಳೆಗಾಲದ ಥಂಡಿಗೆ ಉಬ್ಬಿ, ಬೇಸಿಗೆಗೆ ಕುಗ್ಗುವಂಥದು.

ಬಹಳ ಜನ ಇದನ್ನು ರಸಮಟ್ಟದ ಸಮಸ್ಯೆಯೆಂದು ತಿಳಿಯುತ್ತಾರೆ. ಹಾಗಲ್ಲ. ಓಲಾಡುವ ಹಡಗಿನೊಳಗೂ ಲೇತ್ ಇರುತ್ತದೆ, ನೆಟ್ಟಗೆ ಕಡೆಯುತ್ತದೆ. ಬೆಡ್ ಭೂಮಿಗೆ ಸಮನಾಗಿರಬೇಕಿಲ್ಲ, ತಿರುಚಿಕೊಳ್ಳದಿದ್ದರೆ ಸಾಕು. ಸೂಕ್ಷ್ಮ ರಸಮಟ್ಟವನ್ನು ಎರಡು ತುದಿಗಳಲ್ಲಿ ಅಡ್ಡಲಾಗಿಟ್ಟು ಗುಳ್ಳೆ ಎರಡೂ ಕಡೆ ಒಂದೇ ಜಾಗದಲ್ಲಿ ನಿಲ್ಲುವುದೇ ಎಂದು ನೋಡುವುದು ಅದಕ್ಕಾಗಿ. ಕೊನೆಯ ತೀರ್ಪು ಮಾತ್ರ ಲೇತ್‌ನದೇ. ಒಂದು ಇಂಚು ದಪ್ಪ, ಆರು ಇಂಚು ಉದ್ದದ ಸರಳನ್ನು ಚಕ್ಕಿಗಷ್ಟೇ ಕಚ್ಚಿಸಿ, ಇನ್ನೊಂದು ತುದಿಗೆ ಆಸರೆ ಕೊಡದೆ, ನಡುವೆ ಸಣ್ಣದಾಗಿಸಿ ಎರಡು ತುದಿಗಳಲ್ಲಿ ಬಳೆಯಂಥ ಉಬ್ಬು ಉಳಿಸುತ್ತಾರೆ. ಟೂಲನ್ನು ಒಳಕ್ಕೂ ಹೊರಕ್ಕೂ ಸರಿಸದೆ ಎರಡು ಬಳೆಗಳ ಮೇಲೂ ತೆಳ್ಳಗೆ ಹಾಯಿಸಿ ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. ಹೊರತುದಿಯ ಬಳೆ ದಪ್ಪವಾಗಿದ್ದರೆ ಆ ಕಡೆಯ ಮುಂಗಾಲಿನಡಿ ತೆಳು ತಗಡಿನ ಚೂರು ಸೇರಿಸಿ, ಬೋಲ್ಟು ಬಿಗಿದು, ಮತ್ತೆ ಕಡೆದು, ಮತ್ತೆ ಅಳೆಯುವುದು. ಒಂದು ಇಡೀ ಭಾನುವಾರ ಇದಕ್ಕೆ ಹೋಗುತ್ತಿತ್ತು. ಆಮೇಲಷ್ಟೇ ಷೆಡ್ಡಿನ ಪಿಸ್ಟನ್ ಕಾರ್ಖಾನೆಯ ಪಿಸ್ಟನ್ನಿಗೆ ಸಾಟಿಯಾಗುತ್ತಿದ್ದುದು.

ಮೈಫರ್ಡಿನ ಬೀಸ್ಟನ್ ಕಾರ್ಖಾನೆ 2011ರಲ್ಲಿ ಮುಚ್ಚಿತು. ಈಗಿನ ಹವ್ಯಾಸಿಗಳಲ್ಲಿ ಅನೇಕರ ಮೇಜಿನ ಮೇಲಿರುವುದು ಚೀನಾದ ಪುಟ್ಟ ಲೇತ್‌ಗಳು.

ಕರ್ನಾಟಕದಲ್ಲಿ ಈ ಕಥೆಗೆ ಬೇರೆ ಮುಖವಿದೆ. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಲೇತ್‌ಗಳನ್ನು ತಯಾರಿಸಿದವು. ಹರಿಹರದ ಆ ಕಂಪನಿ ಈಗಿಲ್ಲ. ಆದರೆ ಬೆಂಗಳೂರಿನ ಕಾಮಾಕ್ಷಿಪಾಳ್ಯದಂಥ ಬಡಾವಣೆಗಳಲ್ಲಿ ಕೆಳಗೆ ಲೇತ್, ಮೇಲೆ ಸಂಸಾರ ಎಂಬಂತಿರುವ ಕಟ್ಟಡಗಳು ಇಂದಿಗೂ ಸಿಗುತ್ತವೆ. ಇಲ್ಲಿ ಲೇತ್ ಹವ್ಯಾಸವಲ್ಲ, ಅನ್ನ. ದೊಡ್ಡ ಕಂಪನಿಗೆ ಜಾಬ್‌ವರ್ಕ್ ಮಾಡಿಕೊಟ್ಟ ನೂರು ಪಿನ್ನುಗಳು ಒಂದು ತುದಿಗೆ ದಪ್ಪವಾಗಿದ್ದರೆ ನೂರೂ ವಾಪಸು ಬರುತ್ತವೆ, ಕಬ್ಬಿಣದ ದುಡ್ಡೂ ಕೈಬಿಡುತ್ತದೆ. ಅಲ್ಲಿಯ ಅನುಭವಿ ಟರ್ನರ್ ಹೊಸ ಜಾಗಕ್ಕೆ ಲೇತ್ ಸಾಗಿಸಿದರೆ, ಪೂಜೆ ಮುಗಿಸಿ, ಮೊದಲ ಆರ್ಡರಿಗೆ ಕೈಹಾಕುವ ಮುಂಚೆ ಒಂದು ಹಾಳು ಸರಳನ್ನು ಚಕ್ಕಿಗೆ ಕಚ್ಚಿಸಿ, ಎರಡು ತುದಿ ಕಡೆದು, ಅಳೆದು ನೋಡುತ್ತಾನೆ.