ಹಳೆಯ ಕಾರು ಕೊಳ್ಳುವ ಮುನ್ನ ಸರ್ವೀಸ್ ದಾಖಲೆ ನೋಡಿ

ಐದು ವರ್ಷ ಹಳೆಯ ಕಾರಿನ ಓಡೋಮೀಟರ್ 28,000 ಕಿ.ಮೀ. ತೋರಿಸಿದರೆ ಕೊಳ್ಳುವವರು ಹಿಗ್ಗುವುದು ಸಹಜ. ಆದರೆ ಡಿಜಿಟಲ್ ಓಡೋಮೀಟರಿನ ಅಂಕಿಯನ್ನು ಅಗ್ಗದ ಉಪಕರಣವೊಂದರಿಂದ ಇಳಿಸಬಹುದು. ಆ ಅಂಕಿಗೆ ಸಾಕ್ಷಿ ನುಡಿಯಬೇಕಾದುದು ಸರ್ವೀಸ್ ದಾಖಲೆ.

ಕಾರು ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಹೋದಾಗಲೆಲ್ಲ ದಿನಾಂಕ, ಅಂದಿನ ಕಿ.ಮೀ. ಹಾಗೂ ಮಾಡಿದ ಕೆಲಸ ಜಾಬ್ ಕಾರ್ಡಿನಲ್ಲಿ ನಮೂದಾಗುತ್ತವೆ. ಪುಸ್ತಿಕೆಯಲ್ಲಿರುವ ಮೊಹರುಗಳನ್ನಷ್ಟೇ ನೆಚ್ಚಿಕೊಳ್ಳದೆ, ಮಾಲೀಕರನ್ನೇ ಜೊತೆಗೆ ಕರೆದೊಯ್ದು, ನೋಂದಣಿ ಸಂಖ್ಯೆ ಅಥವಾ ಚಾಸಿಸ್ ಸಂಖ್ಯೆ ಕೊಟ್ಟು ಕೇಂದ್ರದ ಕಂಪ್ಯೂಟರಿನಲ್ಲಿರುವ ಪಟ್ಟಿಯನ್ನು ಕೇಳುವುದು ಲೇಸು. ಇದಕ್ಕೆ ಒಪ್ಪದ ಮಾಲೀಕರ ಕಾರನ್ನು ಕೈಬಿಡುವುದೇ ಕ್ಷೇಮ.

ಪಟ್ಟಿಯಲ್ಲಿ ಕಿ.ಮೀ. ಏರುತ್ತಲೇ ಇರಬೇಕು. 2022ರಲ್ಲಿ 61,000 ಇದ್ದುದು 2024ರಲ್ಲಿ 43,000 ಆಗಿದ್ದರೆ ಮಾತು ಮುಂದುವರಿಸುವ ಅಗತ್ಯವಿಲ್ಲ. ಆದರೆ ಇಷ್ಟು ಢಾಳಾದ ಮೋಸ ಅಪರೂಪ. ಪಟ್ಟಿಯ ಖಾಲಿ ಜಾಗಗಳೇ ಹೆಚ್ಚು ಹೇಳುತ್ತವೆ. ಹಲವು ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಸರ್ವೀಸ್ ಆಗಬೇಕು. ವಾರಂಟಿ ಮುಗಿದ ಮೇಲೆ ಹೊರಗಿನ ಮೆಕ್ಯಾನಿಕ್ಕರ ಬಳಿ ಹೋಗುವುದು ನಮ್ಮಲ್ಲಿ ರೂಢಿ, ಅದು ತಪ್ಪೂ ಅಲ್ಲ. ಆದರೆ ಆ ಬಿಲ್ಲುಗಳಾದರೂ ಇರಬೇಕು. ಎರಡು ವರ್ಷ ಆಯಿಲ್ ಬದಲಾಯಿಸಿದ ಗುರುತೇ ಇಲ್ಲದಿದ್ದರೆ ಎಂಜಿನ್ ಅದರ ಬೆಲೆ ತೆತ್ತಿರುತ್ತದೆ, ಇಲ್ಲವೇ ಓಡಿದ ದೂರವನ್ನು ಮರೆಮಾಚಲಾಗಿದೆ ಎಂದು ಶಂಕಿಸಬೇಕಾಗುತ್ತದೆ.

ಅಪಘಾತದ ಸುಳಿವು ವಿಮಾ ಪತ್ರದಲ್ಲಿ ಸಿಗುತ್ತದೆ. ಸತತ ಐದು ವರ್ಷ ಪರಿಹಾರ ಕೇಳದವರಿಗೆ ನೋ ಕ್ಲೇಮ್ ಬೋನಸ್ ಶೇ. 50ರಷ್ಟಿರುತ್ತದೆ, ಕೇಳಿದರೆ ಸಾಮಾನ್ಯವಾಗಿ ಸೊನ್ನೆಗಿಳಿಯುತ್ತದೆ. 'ಗೀರೂ ಬಿದ್ದಿಲ್ಲ' ಎನ್ನುವವರ ಪತ್ರದಲ್ಲಿ ಸೊನ್ನೆಯಿದ್ದರೆ ಕಾರಣ ಕೇಳಬೇಕು. ಬೋನಸ್ ಮಾಲೀಕರಿಗೆ ಸೇರಿದ್ದಾದ್ದರಿಂದ, ಕಾರು ಈಚೆಗೆ ಕೈಬದಲಾಗಿದ್ದರೂ ಹೀಗಾಗಬಹುದು.

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದವು. ಆ ಸುಮಾರಿಗೆ ವೈರಿಂಗ್, ಕಂಪ್ಯೂಟರ್ ಘಟಕ, ನೆಲಹಾಸು ಒಟ್ಟಿಗೇ ಬದಲಾಗಿದ್ದರೆ ಎಚ್ಚರ ಅಗತ್ಯ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಕೆಸರಿನ ಕಲೆ ಇನ್ನೂ ಉಳಿದಿರಬಹುದು.

ಟೈರಿನ ಮೇಲಿನ ನಾಲ್ಕಂಕಿಯೂ ಉಪಯುಕ್ತ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಬರೀ 28,000 ಕಿ.ಮೀ. ಓಡಿದ ಕಾರಿಗೆ ನಾಲ್ಕೂ ಟೈರು ಹೊಸವೇಕೆ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು.